ಎದುರಿನ ಮೆಟ್ಟಿಲಿನಿಂದ ಕೇಳಿದ್ದು

ಉದ್ದದ ಕೇಬಲ್ಲೊಂದು ಚಿಕ್ಕಪ್ಪನ ಸಂಗೀತ ಸಾಮಾನಿನ ಅಂಗಡಿಯ ನೆಲದ ಮೇಲೆ ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಬಿದ್ದಿತ್ತು. ನಾನು ಗೋಡೆಯ ಕಡೆಯಿಂದ ಅದನ್ನು ಸುತ್ತುತ್ತ ಬರುತ್ತಿದ್ದೆ. ಒಂದು ಸುತ್ತು ಮೇಲಿನಿಂದ, ಒಂದು ಸುತ್ತು ಕೆಳಗಿನಿಂದ. ಹಾಗೆ ಸುತ್ತಿದರೆ ಒಳಗಿನ ತಂತಿ ಮುರುಟುವುದಿಲ್ಲ. ಚಿಕ್ಕಪ್ಪ ಕೌಂಟರಿನ ಹಿಂದೆ ಕುರ್ಚಿಯಲ್ಲೇ ಮಧ್ಯಾಹ್ನದ ನಿದ್ದೆ ತೆಗೆಯುತ್ತಿದ್ದರು. ಫ್ಯಾನ್ ಕೂಡ ಅವರ ಉಸಿರಿಗೆ ತಕ್ಕಂತೆ ಮೆಲ್ಲಗೆ ತಿರುಗುತ್ತಿತ್ತು.

ಅರ್ಧ ಅಂಗಡಿ ದಾಟುವಷ್ಟರಲ್ಲಿ ಕೇಬಲ್ ಕೈಯಲ್ಲಿ ಬಿಗಿಯಾಯಿತು. ತಲೆಯೆತ್ತಿದೆ. ಬಾಗಿಲಿನ ತುದಿಯಿಂದ ಒಬ್ಬ ಅದೇ ಕೇಬಲ್ಲನ್ನು ಸುತ್ತುತ್ತ ಬಂದು ನನ್ನೆದುರು ನಿಂತಿದ್ದ. ಬೆನ್ನಿಗೆ ಗಿಟಾರ್ ಚೀಲ, ಕೆದರಿದ ಗಡ್ಡ. ಕಣ್ಣುಗಳು ತೆರೆದಿದ್ದವು, ಎಚ್ಚರವಿದ್ದಂತೆ ಮಾತ್ರ ಕಾಣಲಿಲ್ಲ.

ಇಬ್ಬರ ಕೈಯಲ್ಲೂ ಒಂದೊಂದು ಸುರುಳಿ. ನಡುವೆ ಒಂದು ಗೇಣು ಕೇಬಲ್.

"ಅಯ್ಯೋ, ಎರಡೂ ಕಡೆಯಿಂದ ಸುತ್ತಿಬಿಟ್ವಲ್ಲ!" ಎಂದ.

ನಾನು ತಲೆಯಾಡಿಸಿದೆ.

"ತಪ್ಪು ನಂದೇ. ಬೆಳಗ್ಗೆವರೆಗೂ ವ್ಯಾನ್‌ನಲ್ಲಿದ್ದೆ. ನೆಲದ ಮೇಲೆ ಕೇಬಲ್ ಕಂಡ್ರೆ ಸಾಕು, ಕೈ ತಾನಾಗೇ ಹೋಗುತ್ತೆ. ಯಾರ ಕೇಬಲ್, ಯಾವ ಊರು ಅಂತಾನೂ ಕೇಳಲ್ಲ."

ಅವನು ತನ್ನ ಸುರುಳಿಯನ್ನು ಬಿಚ್ಚತೊಡಗಿದ. ನಾನು ನನ್ನದನ್ನು ಮುಂದುವರಿಸಿದೆ. ಕೊನೆಯ ಸುತ್ತು ಬರುವ ಹೊತ್ತಿಗೆ ಅವನ ಬೆರಳುಗಳು ನನ್ನ ಬೆರಳುಗಳಿಗೆ ತೀರ ಹತ್ತಿರ ಬಂದು, ತುದಿಯ ಪಿನ್ನನ್ನು ನನ್ನ ಅಂಗೈಯಲ್ಲಿಟ್ಟು, ಹಿಂದಕ್ಕೆ ಸರಿದವು. ತೋರುಬೆರಳಿನ ತುದಿಗೆ ಪ್ಲಾಸ್ಟರ್ ಸುತ್ತಿತ್ತು.

ಚಿಕ್ಕಪ್ಪ ಎಚ್ಚರಾದರು. "ಏನ್ ಬೇಕಿತ್ತು?"

"ಬೇಸ್ ಗಿಟಾರ್‌ಗೆ ಒಂದು ಆಂಪ್, ಸ್ಪೀಕರ್ ಪೆಟ್ಟಿಗೆ. ನಂದು ನಿನ್ನೆ ಪ್ರೋಗ್ರಾಂ ಮಧ್ಯದಲ್ಲೇ ಸತ್ತುಹೋಯ್ತು. ಕಾಲೇಜ್‌ನಿಂದ ಜೊತೆಗಿತ್ತು."

"ಹಾಗಾದ್ರೆ ಸತ್ತಿಲ್ಲ ಬಿಡಿ, ರಿಟೈರ್ ಆಗಿದೆ," ಎಂದರು ಚಿಕ್ಕಪ್ಪ.

ಅವನು ನಕ್ಕ. ನಗುವುದಕ್ಕೂ ಮೈಯಲ್ಲಿ ಶಕ್ತಿ ಬೇಕು ಎಂಬುದು ನನಗೆ ಆಗ ತಿಳಿಯಿತು. ನಗು ತುಟಿಯವರೆಗೆ ಬಂದು ಅಲ್ಲೇ ಕೂತುಬಿಟ್ಟಿತು.

*

ಕಿವಿಗೆ ಒಪ್ಪುವವರೆಗೂ ಕೊಳ್ಳಬೇಡಿ ಎನ್ನುವುದು ಚಿಕ್ಕಪ್ಪನ ಅಂಗಡಿಯ ರೀತಿ. ಅವನು ಆ ಮಾತನ್ನು ಅಕ್ಷರಶಃ ತೆಗೆದುಕೊಂಡ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಬರುತ್ತಿದ್ದ. ಒಂದು ಆಂಪಿಗೆ ಗಿಟಾರ್ ಸಿಕ್ಕಿಸುವುದು, ಗುಂಡಿಗಳನ್ನು ತಿರುಗಿಸುವುದು, ನುಡಿಸುವುದು, ತಲೆ ಕೊಡವುವುದು.

ಮೊದಲ ದಿನವೇ ತೊಡಕಾಯಿತು. ಬೇಸ್‌ನ ದಪ್ಪ ಸ್ವರಗಳು ಆಂಪಿನ ಪಕ್ಕದಲ್ಲೇ ನಿಂತವನಿಗೆ ಸರಿಯಾಗಿ ಸಿಗುವುದಿಲ್ಲ. ಅವುಗಳಿಗೆ ಕಾಲು ಚಾಚಲು ಜಾಗ ಬೇಕು. ದೂರ ನಿಂತವರಿಗೆ ಮಾತ್ರ ಅವುಗಳ ನಿಜವಾದ ಮುಖ ಕಾಣುವುದು.

"ಸ್ವಲ್ಪ ಬೀದಿ ಆಚೆ ನಿಂತು ಕೇಳ್ತೀರಾ?" ಎಂದು ಅವನು ಚಿಕ್ಕಪ್ಪನನ್ನು ಕೇಳಿದ.

"ನನ್ನ ಮಂಡಿ ಬೀದಿ ದಾಟಲ್ಲಪ್ಪ. ಇವಳನ್ನ ಕಳಿಸ್ತೀನಿ. ನಮ್ಮಣ್ಣನ ಮಗಳು. ಮೌನಗೌರಿ. ಬಾಯಿ ಇಲ್ಲ, ಕಿವಿ ಚೆನ್ನಾಗಿದೆ."

ಹಾಗೆ ನಾನು ಎದುರು ಸಾಲಿನ ಟೈಲರ್ ಅಕ್ಕನ ಅಂಗಡಿ ಮೆಟ್ಟಿಲಿಗೆ ಹೋಗಿ ನಿಂತೆ. ಕೂಗಿದರೆ ಕೇಳದು, ನಾನಂತೂ ಕೂಗುವವಳಲ್ಲ. ಅವನೇ ಒಂದು ಉಪಾಯ ಹೇಳಿಕೊಟ್ಟಿದ್ದ: ಸ್ವರ ಸ್ವಚ್ಛವಾಗಿ ಬಂದರೆ ಅಂಗೈ ಬಿಚ್ಚಿ ತೋರಿಸಬೇಕು, ಕಲಸಿಹೋದರೆ ಮುಷ್ಟಿ.

ಆಟೋ, ಸೈಕಲ್ಲು, ಬಸ್ಸುಗಳ ನಡುವೆ ಅವನು ನನ್ನ ಕೈಯನ್ನೇ ನೋಡುತ್ತಿದ್ದ. ನನ್ನನ್ನು ಅಷ್ಟು ಗಮನವಿಟ್ಟು ಅದುವರೆಗೆ ಯಾರೂ ನೋಡಿರಲಿಲ್ಲ. ಬಸ್ಸು ಅಡ್ಡ ಬಂದಾಗ ಕತ್ತು ಚಾಚುತ್ತಿದ್ದ. ಬಸ್ಸು ಹೋದಮೇಲೆ, ನಾನಿನ್ನೂ ಅಲ್ಲೇ ಇರುವುದು ಕಂಡು, ಹುಬ್ಬು ಸ್ವಲ್ಪ ಮೇಲೇರುತ್ತಿತ್ತು.

ಮುಷ್ಟಿ. ಮುಷ್ಟಿ. ಮತ್ತೆ ಮುಷ್ಟಿ.

"ಏನೇ ಹುಡುಗಿ, ಹೊಡೆದಾಟಕ್ಕೆ ಕರೀತಿದ್ದೀಯಾ?" ಎಂದಳು ಟೈಲರ್ ಅಕ್ಕ, ಮೆಷಿನ್ ನಿಲ್ಲಿಸದೆ.

ಒಳಗೆ ಬಂದಮೇಲೆ ಅವನು ಕೇಳುತ್ತಿದ್ದ. "ಹೇಗೆ ಕಲಸಿತು? ಹೇಳಿ."

ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಪೆಟ್ಟಿಗೆಗಳ ಮೇಲಿನ ಇಂಗ್ಲಿಷ್ ಮಾತುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ. ಗೊತ್ತಿದ್ದುದನ್ನೇ ಹೇಳಿದೆ.

"ಒದ್ದೆ ಕಂಬಳಿ ಒದರಿದ ಹಾಗಿತ್ತು."

"ಇನ್ನೊಂದು?"

"ಪಕ್ಕದ ಮನೆಯವರು ಬಾಗಿಲು ಹಾಕ್ಕೊಂಡು ಜಗಳ ಆಡಿದ ಹಾಗೆ. ಕೋಪ ಗೊತ್ತಾಗುತ್ತೆ, ಮಾತು ಗೊತ್ತಾಗಲ್ಲ."

ಅವನು ತಲೆ ಹಿಂದಕ್ಕೆ ಹಾಕಿ ನಕ್ಕ. ಈ ಸಲ ನಗು ಕಣ್ಣಿಗೂ ಹತ್ತಿತು. "ಬಾಯಿ ಇಲ್ಲ ಅಂದ್ರಲ್ಲ ನಿಮ್ಮ ಚಿಕ್ಕಪ್ಪ!"

ನಾನು ಬಗ್ಗಿ, ಸ್ವಚ್ಛವಾಗಿಯೇ ಇದ್ದ ಕೌಂಟರನ್ನು ಒರೆಸತೊಡಗಿದೆ.

*

ಕೆಲವು ಮಧ್ಯಾಹ್ನ ಅವನು ನುಡಿಸುತ್ತಲೇ ಇರಲಿಲ್ಲ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಗೊರಗಿ ನಿದ್ದೆ ಹೋಗುತ್ತಿದ್ದ. ಆ ಕಡೆ ಚಿಕ್ಕಪ್ಪ, ಈ ಕಡೆ ಅವನು. ನಾನು ನಡುವೆ ಕೂತು ಇಬ್ಬರ ಉಸಿರನ್ನೂ ಕಾಯುತ್ತಿದ್ದೆ. ನಿದ್ದೆಯಲ್ಲೂ ಅವನ ಎಡಗೈ ಬೆರಳುಗಳು ತಂತಿಯ ಮೇಲೆ ಸಣ್ಣಗೆ ಅದುರುತ್ತಿದ್ದವು. ಎದ್ದಾಗ ಪಕ್ಕದಲ್ಲಿ ಟೀ ಇರುತ್ತಿತ್ತು. ಯಾರು ತಂದರು ಎಂದು ಅವನು ಕೇಳಲಿಲ್ಲ. ಕುಡಿಯುವಾಗ ಲೋಟದ ಅಂಚಿನ ಮೇಲಿನಿಂದ ನನ್ನನ್ನು ನೋಡುತ್ತಿದ್ದ, ಅಷ್ಟೆ. ಆ ನೋಟದ ನೆನಪಿನಲ್ಲಿ ನಾನು ಟೀಗೆ ಸಕ್ಕರೆ ಹಾಕುವುದನ್ನೇ ಮರೆತ ದಿನಗಳೂ ಉಂಟು. ಅವನು ಒಮ್ಮೆಯೂ ಹೇಳಲಿಲ್ಲ.

"ಇವನು ಆಂಪ್ ತಗೊಳ್ತಾನೋ, ನಮ್ಮ ಸ್ಟೂಲ್ ಬಾಡಿಗೆಗೆ ತಗೊಳ್ತಾನೋ?" ಎಂದು ಚಿಕ್ಕಪ್ಪ ಗೊಣಗುತ್ತಿದ್ದರು. ಆದರೆ ಆ ಸ್ಟೂಲಿಗೆ ಮೆತ್ತೆ ಹೊಲಿಸಿ ತಂದವರೂ ಅವರೇ.

ಕೊನೆಗೆ ಎರಡು ಆಂಪುಗಳು ಉಳಿದವು. ಒಂದು ನನ್ನ ಎದೆಮಟ್ಟದ ದೊಡ್ಡ ಪೆಟ್ಟಿಗೆ. ಎತ್ತಲು ಇಬ್ಬರು ಬೇಕು. ಇನ್ನೊಂದು ಚಿಕ್ಕದು, ಬ್ಯಾಗಿನ ಹಾಗೆ ಒಂದೇ ಕೈಯಲ್ಲಿ ಹಿಡಿದು ಹೋಗಬಹುದು.

ಅಂದೇ ಅವನ ತಂಡದ ಡ್ರಮ್ಮರ್ ಬಂದ. ಬಾಗಿಲಲ್ಲೇ ನಿಂತು ಗುಡುಗಿದ. "ಲೋ, ಇನ್ನೂ ಆಂಪ್ ಆರಿಸ್ತಿದ್ದೀಯಾ? ಹೆಣ್ಣು ನೋಡೋಕೂ ಇಷ್ಟು ದಿನ ಹಿಡಿಯಲ್ಲ ಕಣೋ! ವಾರದ ಕೊನೆಗೆ ವ್ಯಾನ್ ಹೊರಡುತ್ತೆ. ಬರ್ತೀಯೋ ಇಲ್ವೋ ಹೇಳು."

"ಹೇಳ್ತೀನಿ."

"ಹೇಳ್ತೀನಿ ಹೇಳ್ತೀನಿ ಅಂತ ನಮ್ಮ ತಲೆ ಕೂದಲೇ ಉದುರಿಹೋಯ್ತು." ಡ್ರಮ್ಮರ್ ನನ್ನ ಕಡೆ ನೋಡಿದ, ಅವನ ಕಡೆ ನೋಡಿದ, ಗುಡುಗುವುದನ್ನು ನಿಲ್ಲಿಸಿ ಹೊರಟುಹೋದ.

ಗಿಟಾರಿನ ತಂತಿಗಳನ್ನು ಒರೆಸುತ್ತ ಅವನೇ ಹೇಳಿದ. ಒಬ್ಬ ದೊಡ್ಡ ಗಾಯಕಿಯ ಜೊತೆ ವರ್ಷವಿಡೀ ಊರೂರು ತಿರುಗುವ ಕೆಲಸ ಸಿಕ್ಕಿದೆ. ಬಯಲು ಸ್ಟೇಜು, ಸಾವಿರಾರು ಜನ. ಅದಕ್ಕೆ ದೊಡ್ಡ ಆಂಪೇ ಬೇಕು. ಇಲ್ಲೇ ಒಂದು ಹೋಟೆಲ್ಲಿನವರೂ ಕರೆದಿದ್ದಾರೆ. ಸಂಜೆ ಹೊತ್ತು, ಸೋಫಾಗಳ ನಡುವೆ ಕೂತು ಮೆಲ್ಲಗೆ ನುಡಿಸಬೇಕು. ಅದಕ್ಕೆ ಚಿಕ್ಕದು ಸಾಕು.

"ಹೋಟೆಲ್ ಎಲ್ಲಿ?" ಎಂದು ಕೇಳಿದೆ. ನಾನಾಗಿ ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಮುಂದಿನ ಬಸ್ ಸ್ಟಾಪ್. ದಿನಾ ಮಧ್ಯಾಹ್ನ ಇಲ್ಲಿ ಬಂದು ಮಲಗಬಹುದು."

"ನಿಮಗೆ ಯಾವುದು ಇಷ್ಟ?"

ಅವನು ಕಣ್ಣುಜ್ಜಿಕೊಂಡ. "ನನಗೆ ಈಗ ನಿದ್ದೆ ಬಿಟ್ರೆ ಇನ್ನೇನು ಇಷ್ಟ ಅಂತ ಗೊತ್ತಾಗ್ತಿಲ್ಲ. ಯಾರಾದ್ರೂ ಇರು ಅಂದ್ರೆ ಇರ್ತೀನಿ, ಹೋಗು ಅಂದ್ರೆ ಹೋಗ್ತೀನಿ, ಅಷ್ಟು ಸಾಕಾಗಿದೆ." ಗಿಟಾರನ್ನು ಚೀಲಕ್ಕೆ ಸೇರಿಸುತ್ತ ಹೇಳಿದ. "ನಾಳೆ ಎರಡನ್ನೂ ನುಡಿಸ್ತೀನಿ. ನಿಮ್ಮ ಕೈ ಏನು ಹೇಳುತ್ತೋ ಅದೇ."

*

ಮರುದಿನ ಟೈಲರ್ ಅಕ್ಕ ಮೆಷಿನ್ ನಿಲ್ಲಿಸಿ ನನ್ನ ಪಕ್ಕ ಬಂದು ನಿಂತಳು. ನಾನು ಅವಳಿಗೇನೂ ಹೇಳಿರಲಿಲ್ಲ. ಅವಳಿಗೆ ಹೇಳಬೇಕಾಗಿಯೂ ಇರಲಿಲ್ಲ. ಡ್ರಮ್ಮರ್ ಹೇಳಿದ್ದು ಇಡೀ ಬೀದಿಗೇ ಕೇಳಿತ್ತು, ಉಳಿದದ್ದನ್ನು ಅವಳು ಚಿಕ್ಕಪ್ಪನ ಬಾಯಿಂದ ಕೇಳಿ ತಿಳಿದಿದ್ದಳು.

"ಚಿಕ್ಕದು ನುಡಿಸ್ದಾಗ ಅಂಗೈ ತೋರ್ಸು," ಎಂದಳು. "ಬೆರಳು ಬಿಚ್ಚೋಕೇನು ಕಷ್ಟ? ಅವನೂ ಅದಕ್ಕೇ ಕಾಯ್ತಿದ್ದಾನೆ. ಪೆದ್ದಿ, ಅಂಥವನು ಬಾಯಿಬಿಟ್ಟು ಹೇಳ್ತಾನಾ?"

ಅವನು ಚಿಕ್ಕದಕ್ಕೆ ಗಿಟಾರ್ ಸಿಕ್ಕಿಸಿದ. ತೆಳುತಂತಿಗಳಲ್ಲಿ ಅದು ಚೆನ್ನಾಗಿಯೇ ಬಂತು, ಸಿಹಿಯಾಗಿ, ಹತ್ತಿರವಾಗಿ. ನನ್ನ ಬೆರಳುಗಳು ತಾವಾಗಿ ಬಿಚ್ಚಿಕೊಳ್ಳತೊಡಗಿದವು. ಆಮೇಲೆ ಅವನು ಎಲ್ಲಕ್ಕಿಂತ ದಪ್ಪ ತಂತಿಗೆ ಇಳಿದ. ಸ್ವರ ಬಾಗಿಲಿನ ತನಕ ಬಂದು ಒಡೆದುಹೋಯಿತು. ತೂತು ಬಿದ್ದ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಕೇಳಿತು.

ಅಕ್ಕ ನನ್ನ ಮಣಿಕಟ್ಟು ಹಿಡಿದಳು.

ಇಷ್ಟು ದಿನದಲ್ಲಿ ಅವನು ನನ್ನಿಂದ ಕೇಳಿದ್ದು ಒಂದನ್ನೇ. ಚೆನ್ನಾಗಿದ್ದರೆ ಚೆನ್ನಾಗಿದೆ, ಇಲ್ಲದಿದ್ದರೆ ಇಲ್ಲ. ಅದರಲ್ಲಿ ಸುಳ್ಳು ಬೆರೆಸಿ ಅವನನ್ನು ಇಟ್ಟುಕೊಂಡರೆ, ದಿನವೂ ಆ ಹೋಟೆಲ್ಲಿನಲ್ಲಿ ಒಡೆಯುವ ಸ್ವರ ನನ್ನ ಸುಳ್ಳೇ ಆಗಿರುತ್ತದೆ.

ಮುಷ್ಟಿ ಹಿಡಿದೆ.

ಅವನು ನೋಡಿದ. ತಲೆ ಬಗ್ಗಿಸಿ ಅದೇ ಸಾಲನ್ನು ಮತ್ತೆ ನುಡಿಸಿದ, ಮೊದಲಿಗಿಂತ ನಿಧಾನವಾಗಿ, ಮೆತ್ತಗೆ, ಗುಂಡಿಯನ್ನು ತಗ್ಗಿಸಿ. ಮತ್ತೆ ನನ್ನ ಕಡೆ ನೋಡಿದ. ಇನ್ನೊಮ್ಮೆ ಕೇಳಿ ಎಂದು ಬೇಡಿಕೊಳ್ಳುವಂತಿತ್ತು ಆ ಮುಖ.

ಮುಷ್ಟಿ ಹಾಗೇ ಇತ್ತು. ಉಗುರು ಅಂಗೈಗೆ ಒತ್ತುತ್ತಿತ್ತು.

"ಹಾಳಾಗಿ ಹೋಗು," ಎಂದು ಅಕ್ಕ ಕೈ ಬಿಟ್ಟಳು.

ಆಮೇಲೆ ದೊಡ್ಡದು. ಅವನು ಒಂದೇ ಒಂದು ಸ್ವರ ಮೀಟಿದ. ಅದು ಬೀದಿಯನ್ನು ನಡೆದುಕೊಂಡೇ ದಾಟಿ ಬಂತು. ಮೆಟ್ಟಿಲಿನ ಕಲ್ಲಿನಿಂದ ನನ್ನ ಪಾದಕ್ಕೆ, ಪಾದದಿಂದ ಮೊಣಕಾಲಿಗೆ ಹತ್ತಿತು. ಅಕ್ಕನ ಗುಂಡುಪಿನ್ನಿನ ಡಬ್ಬಿ ಟೇಬಲ್ಲಿನ ಮೇಲೆ ಗಿಲಿಗಿಲಿ ಎಂದಿತು. ಅವನ ಭುಜಗಳು ಇಳಿದವು. ಬಂದ ದಿನದಿಂದ ಕಿವಿಯ ಹತ್ತಿರ ಏರಿ ಕೂತಿದ್ದ ಭುಜಗಳು ಅವು. ಅವನು ಕಣ್ಣು ಮುಚ್ಚಿ ನುಡಿಸತೊಡಗಿದ. ದಣಿವು ಇರಲಿಲ್ಲವೆಂದಲ್ಲ, ಅದನ್ನು ಇಳಿಸಲು ಜಾಗ ಸಿಕ್ಕಿತ್ತು.

ನಾನು ಅಂಗೈ ಬಿಚ್ಚಿ ಎತ್ತಿ ಹಿಡಿದೆ. ಅವನು ಕಣ್ಣು ತೆರೆಯುವವರೆಗೂ ಇಳಿಸಲಿಲ್ಲ.

*

ಒಳಗೆ ಬಂದಾಗ ಅವನು ಗಿಟಾರ್ ಕಳಚಿರಲಿಲ್ಲ.

"ಇಷ್ಟು ದಿನ ದೂರದಿಂದ ಕೇಳಿದ್ರಿ. ಒಂದ್ಸಲ ಇಲ್ಲಿ ಬನ್ನಿ. ಕೈ ಇಡಿ, ಇದರ ಮೇಲೆ."

ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಅವನು ಬಹಳ ಮೆಲ್ಲಗೆ ಮೀಟಿದ. ಕಿವಿಗೆ ಹೆಚ್ಚೇನೂ ಕೇಳಲಿಲ್ಲ. ಕೈಯಿಂದ ತೋಳಿಗೆ, ತೋಳಿನಿಂದ ಎದೆಗೆ ಒಂದು ಬಿಸಿ ಹರಿದು ಬಂತು. ನಾನು ಉಸಿರು ಬಿಡುವುದನ್ನು ಮರೆತೆ. ಸ್ವರ ಆರುವವರೆಗೂ ಅವನು ನನ್ನ ಮುಖ ನೋಡುತ್ತಿದ್ದ.

"ಚಿಕ್ಕದು ಚೆನ್ನಾಗಿದೆ ಅಂದಿದ್ರೆ ಇರ್ತಿದ್ದೆ," ಎಂದ.

"ಚೆನ್ನಾಗಿರ್ಲಿಲ್ಲ."

"ಒಂದು ಸುಳ್ಳು ಹೇಳ್ಬಹುದಿತ್ತು."

"ಆಮೇಲೆ ದಿನಾ ಆ ಸದ್ದು ಕೇಳ್ಬೇಕಾಗ್ತಿತ್ತಲ್ಲ."

ಅವನು ನಗಲಿಲ್ಲ. ನಾನೇ ಹೇಳಿದೆ. "ಕೈ ಹೇಳಿದ್ದು ದೊಡ್ಡದು. ನನಗೆ ಬೇಕಾಗಿದ್ದು ಚಿಕ್ಕದು."

ಚಿಕ್ಕಪ್ಪನ ಗೊರಕೆ ಯಾವಾಗಲೋ ನಿಂತಿತ್ತು. ಅವರು ಕಣ್ಣು ಮಾತ್ರ ತೆರೆಯಲಿಲ್ಲ.

ಅವನು ಪೆಟ್ಟಿಗೆಯ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈಯಿಟ್ಟ. ಪ್ಲಾಸ್ಟರ್ ಒರಟಾಗಿತ್ತು. ಇಬ್ಬರೂ ಹಾಗೇ ನಿಂತಿದ್ದೆವು, ಭಾರ ಹೊತ್ತು ಬಂದವರು ನಡುದಾರಿಯಲ್ಲಿ ನಿಲ್ಲುವಂತೆ.

*

ವಾರದ ಕೊನೆಗೆ ವ್ಯಾನ್ ಬಂತು. ಡ್ರಮ್ಮರ್ ಮತ್ತು ಅವನು ಪೆಟ್ಟಿಗೆಯನ್ನು ಎತ್ತಿ ಹಿಂದೆ ಇಟ್ಟರು. ಚಿಕ್ಕಪ್ಪ ಮಂಡಿನೋವನ್ನು ಮರೆತು ಬೀದಿಗಿಳಿದು, "ಒದ್ದೆ ಜಾಗದಲ್ಲಿ ಇಡಬೇಡಿ, ಬಿಸಿಲಲ್ಲಿ ಬಿಡಬೇಡಿ," ಎಂದು ಮಗಳನ್ನು ಕಳಿಸುವವರ ಹಾಗೆ ಹೇಳುತ್ತಲೇ ಇದ್ದರು. ಟೈಲರ್ ಅಕ್ಕ ತನ್ನ ಬಾಗಿಲಿನಿಂದ ನನ್ನ ಕಡೆ ನೋಡಲೇ ಇಲ್ಲ.

ಅವನು ಹತ್ತುವ ಮೊದಲು ನನ್ನ ಹತ್ತಿರ ಬಂದ. "ಪ್ರತಿ ಊರಲ್ಲೂ ಮೈದಾನದ ಕೊನೇಲಿ ಯಾರೋ ನಿಂತಿರ್ತಾರೆ. ನಾನು ಅಲ್ಲಿಗೇ ನೋಡ್ತೀನಿ," ಎಂದ. ಏನೋ ಇನ್ನೂ ಹೇಳುವುದಿತ್ತು. ಡ್ರಮ್ಮರ್ ಹಾರ್ನ್ ಒತ್ತಿದ.

ಅವನು ಹಿಂದೆ, ಪೆಟ್ಟಿಗೆಯ ಪಕ್ಕದಲ್ಲೇ ಕೂತ. ಕಿಟಕಿಯಿಂದ ಕೈ ಎತ್ತಿದ. ಉಳಿದವರೂ ಹತ್ತಿ, ಸಾಮಾನು ಕಟ್ಟಿ, ಬಾಗಿಲೆಳೆದುಕೊಳ್ಳುವಷ್ಟರಲ್ಲಿ ಅವನು ಪೆಟ್ಟಿಗೆಗೆ ತಲೆ ಒರಗಿಸಿ ನಿದ್ದೆ ಹೋಗಿಬಿಟ್ಟಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಕಿಟಕಿಯ ಅಂಚಿನಲ್ಲಿ ಕೈ ಇನ್ನೂ ಹಾಗೇ ಇತ್ತು.

ನಾನು ಮುಂದಿನ ಕಿಟಕಿಗೆ ಹೋದೆ. ಡ್ರೈವರ್‌ನ ಕಣ್ಣುಗಳೂ ನಿದ್ದೆಗೆಟ್ಟು ಕೆಂಪಾಗಿದ್ದವು. ಎಂಜಿನ್ ಶುರುವಾಗಿತ್ತು, ಒಳಗೆ ರೇಡಿಯೋ ಹಾಡುತ್ತಿತ್ತು, ಗಾಜು ಮೇಲಕ್ಕೇರುತ್ತಿತ್ತು.

"ಅಣ್ಣಾ," ಎಂದೆ, "ಸ್ವಲ್ಪ ನಿಧಾನಕ್ಕೆ ಓಡಿಸಿ."