ಒಂದೇ ಬಾಟಲಿಯ ಔಷಧ

ಬಟ್ಟೆ ಅಂಗಡಿಯ ಮೇಲಿದ್ದ ಅತ್ತೆಯ ಮನೆ ಈಗಿಲ್ಲ, ಅತ್ತೆಯೂ ಇಲ್ಲ. ಪೊಲೀಸ್ ಇಲಾಖೆಯ ವೈದ್ಯೆಯಾಗಿ ನಿವೃತ್ತಳಾಗಿದ್ದ ನನ್ನ ಸೋದರತ್ತೆ ಆ ದಿನಗಳಲ್ಲಿ ಊರವರ ಒಗಟು ಬಿಡಿಸುತ್ತಿದ್ದಳು. ಅವಳ ಬೆನ್ನ ಹಿಂದೆ ನಾನು ಓಡಾಡುತ್ತಿದ್ದೆ. ಎಂಥ ಒಳ್ಳೆಯ ದಿನಗಳು ಅವು.

ಒಂದು ಬೆಳಿಗ್ಗೆ ಊರಿನ ವ್ಯಸನಮುಕ್ತಿ ಕ್ಲಿನಿಕ್ಕಿನ ನರ್ಸಮ್ಮ ಅಳುತ್ತ ಬಂದಳು.

"ಅಮ್ಮಾ, ನನ್ನನ್ನ ಕೆಲಸಕ್ಕೆ ಬರಬೇಡ ಅಂದಿದಾರೆ. ನಾನು ಮೆಥಡೋನ್ ಕದ್ದು ನೀರು ಬೆರೆಸ್ತೀನಂತೆ."

ಹೆರಾಯಿನ್ ಬಿಟ್ಟವರಿಗೆ ಮತ್ತೆ ಅದರ ಸೆಳೆತ ಬಾರದಂತೆ ದಿನವೂ ಕುಡಿಸುವ ಸಿರಪ್ಪು ಅದು. ಅಂಗಡಿ ಬೋರ್ಡು ಬರೆಯುವ ಪೇಂಟರನೊಬ್ಬ ಅದರಿಂದ ಎಷ್ಟೋ ವರ್ಷ ನೆಮ್ಮದಿಯಾಗಿದ್ದ. ಈಗ ಇದ್ದಕ್ಕಿದ್ದಂತೆ ನಡುಕ, ಬೆವರು, ಬಿಡದ ಆಕಳಿಕೆ. ಔಷಧ ಸಾಲದಿದ್ದಾಗ ಆಗುವುದೇ ಹಾಗೆ. ಅವನ ಅಕ್ಕ ನರ್ಸಮ್ಮನ ಮೇಲೆ ದೂರು ಕೊಟ್ಟಿದ್ದಳು.

"ಮಿಕ್ಕವರು ಹೇಗಿದಾರೆ?" ಅತ್ತೆ ಕೇಳಿದಳು.

"ಅದೇ ಬಾಟಲಿಂದ ಕುಡಿದೋರೆಲ್ಲ ಚೆನ್ನಾಗಿದಾರೆ. ಇವನೂ ನನ್ನೆದುರೇ ನುಂಗ್ತಾನೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನಡಿ, ಎತ್ತನ್ನೇ ನೋಡೋಣ."

ಪೇಂಟರ್ ತನ್ನ ಅಂಗಡಿಯಲ್ಲಿ ಅರ್ಧ ಬರೆದ ಬೋರ್ಡಿನ ಮುಂದೆ ಕೂತಿದ್ದ. ಅಕ್ಷರಗಳೆಲ್ಲ ಸೊಟ್ಟಗಿದ್ದವು. "ಈಚೆಗೆ ವಾರ ವಾರ ಎಲ್ಲಿಗೋ ಬಸ್ ಹತ್ತಿ ಹೋಗ್ತಾನೆ, ಕೇಳಿದ್ರೆ ಬಾಯಿ ಬಿಡಲ್ಲ," ಎಂದು ಅವನಕ್ಕ ಸಿಡುಕಿ ಒಳಗೆ ಹೋದಳು.

"ನಿದ್ದೆ ಹೇಗೆ?"

"ಕಮ್ಮಿ, ಡಾಕ್ಟ್ರಮ್ಮ. ಬಂದ್ರೂ ಭಯಂಕರ ಕನಸು, ಎಲ್ಲ ಕಣ್ಣೆದುರೇ ನಡೆದ ಹಾಗೆ. ತಲೆ ಬೇರೆ ತಿರುಗುತ್ತೆ."

ಅತ್ತೆ ನನ್ನನ್ನು ಹೊರಗೆ ಕಳಿಸಿದಳು. ನಾನು ಮರಳಿದಾಗ ಅವಳು ಅವನ ಕೈ ಹಿಡಿದುಕೊಂಡಿದ್ದಳು. "ನಾನಾಗಿ ಹೇಳಲ್ಲ. ಹೇಳೋದಾದ್ರೆ ನೀನೇ ಹೇಳು. ಆದ್ರೆ ಆ ಹೆಣ್ಣುಮಗಳ ಅನ್ನ ಹೋಗ್ತಿದೆ."

ಮರುದಿನ ಕ್ಲಿನಿಕ್ಕಿನಲ್ಲಿ ಡಾಕ್ಟರು, ನರ್ಸಮ್ಮ, ಅಕ್ಕ ತಮ್ಮ ಎಲ್ಲರೂ ಸೇರಿದರು. ಪೇಂಟರ್ ಅಕ್ಕನ ಕಡೆ ತಿರುಗಿದ.

"ಅಕ್ಕಾ, ನಂಗೆ ಎಚ್‌ಐವಿ ಇದೆ. ಹೆರಾಯಿನ್ ಚುಚ್ಕೊಳ್ತಿದ್ದಾಗಿನ ಸೂಜಿಗಳಿಂದ ಬಂದಿದ್ದು. ದೂರದ ಆಸ್ಪತ್ರೇಲಿ ಮಾತ್ರೆ ಶುರು ಮಾಡಿದೀನಿ. ನಿಂಗೆ ಗೊತ್ತಾಗ್ಬಾರ್ದು ಅಂತ ಇಲ್ಲಿ ಆ ಮಾತ್ರೆ ವಿಷಯ ಹೇಳಲಿಲ್ಲ, ನಾಚಿಕೆಗೆ ಅಲ್ಲಿ ಈ ಸಿರಪ್ಪಿನ ವಿಷಯ ಹೇಳಲಿಲ್ಲ."

ಅತ್ತೆ ಡಾಕ್ಟರ ಕಡೆ ತಿರುಗಿದಳು. "ಬಾಟಲಿಗೆ ನೀರು ಬಿದ್ದಿದ್ರೆ ಎಲ್ಲರೂ ನಡುಗಬೇಕಿತ್ತು. ನಡುಗಿದ್ದು ಇವನೊಬ್ಬನೇ, ಅಂದ್ರೆ ಬದಲಾಗಿದ್ದು ಇವನ ಮೈಯೊಳಗೆ. ಕನಸು, ತಲೆಸುತ್ತು ಕೇಳಿದಾಗ ಎಚ್‌ಐವಿಗೆ ಕೊಡೋ ಎಫಾವಿರೆಂಜ್ ಮಾತ್ರೆ ಇರಬಹುದು ಅನ್ನಿಸ್ತು. ವಾರದ ಬಸ್ಸು ಎಲ್ಲಿಗೆ ಅನ್ನೋದೂ ಹೊಳೀತು. ಆ ಮಾತ್ರೆ ಲಿವರನ್ನ ಚುರುಕು ಮಾಡುತ್ತೆ. ಚುರುಕಾದ ಲಿವರ್ ಮೆಥಡೋನನ್ನ ಬೇಗ ಕರಗಿಸಿಬಿಡುತ್ತೆ. ಕುಡಿದಿದ್ದು ಅಷ್ಟೇ, ಮೈಯಲ್ಲಿ ಉಳಿದಿದ್ದು ಕಮ್ಮಿ. ಮಾತ್ರೆ ನಿಲ್ಲಿಸೋದು ಬೇಡ. ನೀವು ಆ ಆಸ್ಪತ್ರೆಯವರ ಜೊತೆ ಮಾತಾಡಿ, ಸಿರಪ್ಪನ್ನ ನೋಡ್ಕೊಂಡು ಸ್ವಲ್ಪ ಸ್ವಲ್ಪವೇ ಏರಿಸಿ."

"ಇನ್ನೊಂದೆರಡು ದಿನ ಹೀಗೇ ಇದ್ದಿದ್ರೆ ಹೆರಾಯಿನ್ ಮಾರೋ ಹಳೇ ಗಲ್ಲಿಗೇ ಹೋಗ್ತಿದ್ದೆ," ಎಂದ ಪೇಂಟರ್.

ಅಕ್ಕ ಎದ್ದು ನರ್ಸಮ್ಮನ ಎರಡೂ ಕೈ ಹಿಡಿದಳು. "ತಪ್ಪಾಯ್ತಮ್ಮ." ಆಮೇಲೆ ತಮ್ಮನ ಪಕ್ಕ ಬಂದು ಕೂತಳು. "ಅಷ್ಟು ದೂರ ಒಬ್ಬನೇ ಹೋಗ್ತಿದ್ಯಾ? ಮುಂದಿನ ವಾರ ನಾನೂ ಬರ್ತೀನಿ."

ಅಂದು ಅತ್ತೆ ನಡೆದೇ ಹೋಗೋಣ ಎಂದಳು. ದಾರಿಯುದ್ದಕ್ಕೂ ಹಳೆಯ ಹಾಡೊಂದನ್ನು ಗುನುಗುತ್ತಿದ್ದಳು. ತುಂಬ ಸಂತೋಷವಾದಾಗ ಮಾತ್ರ ಅವಳು ಹಾಗೆ ಹಾಡಿಕೊಳ್ಳುತ್ತಿದ್ದಳು.