ಹುಚ್ಚಯ್ಯನ ನಿದ್ದೆ

"ಗೆಲ್ಬೇಡಿ ಸಾ. ಡ್ರಾ ಮಾಡ್ಕಂಡು ಎದ್ಬುಡಿ."

ಹೊಳೆನರಸೀಪುರದ ಛತ್ರದ ಬಾಗಿಲಲ್ಲಿ ಮುದ್ದಮ್ಮ ಅಡ್ಡ ನಿಂತು ಹೇಳಿದಾಗ ಜಯಂತ್ ನಕ್ಕುಬಿಟ್ಟ. ಮೈಸೂರಿನಿಂದ ತೊಂಬತ್ತೇಳರಲ್ಲಿ ವರ್ಗವಾಗಿ ಬಂದ ಗಣಿತದ ಮೇಷ್ಟ್ರು ಅವನು. ಚೆಸ್ ಟೂರ್ನಮೆಂಟಿನ ಕೊನೆಯ ಸುತ್ತಿನಲ್ಲಿ ಅವನ ಎದುರಾಳಿ ಈಕೆಯ ಗಂಡ, ಹರದನಹಳ್ಳಿಯ ರೈತ ಹುಚ್ಚಯ್ಯ.

"ಅರಕಲಗೂಡಲ್ಲಿ ನಮ್ಮೆಜಮಾನ್ರು ಒಬ್ಬ ಮುದುಕನ್ನ ಸೋಲಿಸುದ್ರು. ಅವನ್ಮೇಲಿದ್ದ ಮಾಟ ಇವರ್ಗೆ ಅಂಟ್ಕತು. ಅನ್ನೊಂದು ವರ್ಸ ಆಯ್ತು, ಕಣ್ಣು ಮುಚ್ಚಿಲ್ಲ. ಬೇಕಂತ ಸೋತ್ರೆ ಬುಡಾಕಿಲ್ಲ. ನಿಜವಾಗ್ಲೂ ಗೆದ್ದೋರ್ಗೆ ಓಯ್ತದೆ."

"ಹಾಗಾದ್ರೆ ನಾನು ಗೆದ್ರೆ ನಿಮಗೇ ಒಳ್ಳೇದಲ್ವೇನಮ್ಮ?"

ಆಕೆ ತಲೆ ತಗ್ಗಿಸಿದಳು. "ನಿಮ್ಮನೇಲೂ ಎಂಡ್ತಿ ಮಕ್ಳು ಅವ್ರಲ್ಲ ಸಾ."

ಮಧ್ಯಾಹ್ನದ ಸೆಕೆ. ಛತ್ರದ ತುಂಬ ಹಳೇ ಜಮಖಾನದ, ಹಳಸಿದ ಸಾರಿನ ವಾಸನೆ. ಎದುರಿಗೆ ಹುಚ್ಚಯ್ಯನ ಕಣ್ಣು, ಬೂದಿ ಮುಚ್ಚಿದ ಕೆಂಡದ ಹಾಗೆ. ಮೂರು ಗಂಟೆ ಕಾಲ ಆತ ಒಂದು ತಪ್ಪನ್ನೂ ಮಾಡಲಿಲ್ಲ. ಆಮೇಲೆ ಒಂದು ಮಾಡಿದ. ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನು ನಿಂತಿತು. ಅರೆಗತ್ತಲಲ್ಲಿ ಗಡಿಯಾರ ಮಾತ್ರ ಟಕಟಕ ಅನ್ನುತ್ತಿತ್ತು.

"ಡ್ರಾ ತಕಳಿ ಸಾ," ಹುಚ್ಚಯ್ಯ ಪಿಸುಗುಟ್ಟಿದ.

ಸೋಲುವವನ ತಂತ್ರ, ಅಂದುಕೊಂಡ ಜಯಂತ್. ಆನೆಯನ್ನು ಎತ್ತಿದ. ಹೆಣದಷ್ಟು ತಣ್ಣಗಿತ್ತು. ಸುಟ್ಟ ಕೂದಲ ವಾಸನೆ ಮೂಗಿಗೆ ಅಡರಿತು. ಆದರೂ ಬಿಡಲಿಲ್ಲ. ಇಟ್ಟ.

"ಚೆಕ್‌ಮೇಟ್."

ಹುಚ್ಚಯ್ಯ ಬೋರ್ಡಿನ ಮೇಲೇ ಕುಸಿದ. ಕಾಯಿಗಳು ಉರುಳಿದವು. ಸತ್ತೇ ಹೋದನೆಂದು ಎಲ್ಲರೂ ಓಡಿಬಂದರು. ಗೊರಕೆ ಕೇಳಿಸಿತು.

"ಯಾರೂ ಎಬ್ಬುಸ್ಬೇಡಿ," ಎಂದು ಮುದ್ದಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

ಅವತ್ತು ನಿದ್ದೆ ಬಾರದಿದ್ದದ್ದು ಗೆದ್ದ ಖುಷಿಗೆ ಅಂದುಕೊಂಡ ಜಯಂತ್. ವಾರ ಕಳೆಯಿತು. ತಿಂಗಳಾಯಿತು. ಹಾಸನದ ಡಾಕ್ಟರು ಕೊಟ್ಟ ಯಾವ ಮಾತ್ರೆಯೂ ನಾಟಲಿಲ್ಲ. ಕತ್ತಲಲ್ಲಿ ಮಿಟುಕದೆ ತೆರೆದಿರುವ ಆ ಕಣ್ಣಿಗೆ ಹೆದರಿ ಹೆಂಡತಿ ಮೈತ್ರೇಯಿ ಮಗಳನ್ನು ಕಟ್ಟಿಕೊಂಡು ತವರಿಗೆ ಹೋದಳು. ಚನ್ನರಾಯಪಟ್ಟಣ, ಹಾಸನ, ಎಲ್ಲಿ ಆಡಲು ಕೂತರೂ ಅವನೇ ಗೆದ್ದ. ಅವನನ್ನು ಸೋಲಿಸುವಂಥವರು ಸಿಗಲೇ ಇಲ್ಲ.

ಕೊನೆಗೆ ಹರದನಹಳ್ಳಿಗೆ ಹೋದ. ಜಗಲಿಯ ಮೇಲೆ ಕೂತಿದ್ದ ಹುಚ್ಚಯ್ಯನ ಕೆನ್ನೆ ತುಂಬಿಕೊಂಡಿತ್ತು.

"ಒಂದೇ ಆಟ, ಹುಚ್ಚಯ್ಯನೋರೇ. ನನ್ನನ್ನ ಸೋಲಿಸಿ."

ಹುಚ್ಚಯ್ಯ ಅವನ ಮುಖ ನೋಡಿದ. ಕಣ್ಣಲ್ಲಿ ನೀರಾಡಿತು. "ಆಟ ಮರ್ತೋಗ್ಬುಟ್ಟದೆ ಸಾ. ಕುದ್ರೆ ಎಂಗೋಯ್ತದೆ ಅನ್ನೋದೂ ಗ್ಯಾನ ಇಲ್ಲ."

ಹೇಳುತ್ತಲೇ ಆಕಳಿಸಿ, ಟವೆಲನ್ನು ತಲೆಗಿಟ್ಟು ಅಲ್ಲೇ ಮಗ್ಗುಲಾದ. ಮುದ್ದಮ್ಮ ಮೇಷ್ಟ್ರಿಗೂ ಒಂದು ಚಾಪೆ ತಂದು ಹಾಸಿದಳು.

ಜಯಂತ್ ಚಪ್ಪಲಿ ಬಿಟ್ಟು ಹುಚ್ಚಯ್ಯನ ಪಕ್ಕದಲ್ಲಿ ಉರುಳಿಕೊಂಡ. ಅವನ ಹಾಗೇ ಕಾಲು ಮಡಚಿ, ಅವನ ಹಾಗೇ ಉಸಿರೆಳೆದು ನೋಡಿದ. ಬಿಸಿಲು ಜಗಲಿ ಹತ್ತಿ, ಇಳಿದು, ಆರಿಹೋಯಿತು. ಕಣ್ಣು ತೆರೆದೇ ಇತ್ತು.