ಏಳನೆಯ ಕುಳಿಯ ಮರಳು

ನಾಲ್ಕನೆಯ ಹೊಡೆತಕ್ಕೂ ಚೆಂಡು ಮರಳುಗುಂಡಿಯನ್ನು ದಾಟಲಿಲ್ಲ. ಅಂಚಿನವರೆಗೆ ಏರಿ, ನನ್ನ ಬೂಟಿನ ಬಳಿಗೇ ಉರುಳಿ ಬಂದಿತು.

"ಅಳತೆಯವ್ರೇ, ಈ ಗುಂಡಿ ತೋಡಿಸಿದ ಪುಣ್ಯಾತ್ಮ ಯಾರು?"

ತಲೆ ಎತ್ತಿದೆ. ಗುಂಡಿಯ ಅಂಚಿನಲ್ಲಿ ಅವಳು ನಿಂತಿದ್ದಳು. ಈ ಖಾಸಗಿ ಗಾಲ್ಫ್ ಮೈದಾನದ ನಕ್ಷೆ ಬರೆದವಳು ಅವಳು; ಅದನ್ನು ನೆಲಕ್ಕಿಳಿಸಿದ ಸರ್ವೇಯರ್ ನಾನು. ಇಪ್ಪತ್ತಾರು ವರ್ಷಗಳಲ್ಲಿ ಅವಳ ಕೂದಲು ನರೆತಿತ್ತು. ಎಡಹುಬ್ಬನ್ನು ಮಾತ್ರ ಎತ್ತಿ ಕೆಣಕುವ ರೂಢಿ ಹಾಗೆಯೇ ಇತ್ತು.

"ನೀವೇ," ಎಂದೆ. "ಪ್ರತಿ ಭಾನುವಾರ ಇಲ್ಲಿ ನಿಂತು ನಿಮ್ಮನ್ನ ಬೈತೀನಿ."

"ನಾನಾ? ನಾನು ಬರೆದದ್ದು ಹುಲ್ಲಿನ ಇಳಿಜಾರು. ಚೆಂಡು ತಾನಾಗೇ ಕುಳಿ ಕಡೆ ಹೋಗ್ಬೇಕಿತ್ತು. ಹದಿನೆಂಟು ಕುಳಿಗಳಲ್ಲಿ ಆಟಗಾರನಿಗೆ ಕರುಣೆ ತೋರಿಸಿದ್ದು ಇದೊಂದರಲ್ಲೇ."

"ನಿಮ್ಮ ಕೈಬರಹ ಇದೆ. ಬನ್ನಿ."

ಕ್ಲಬ್ಬಿನ ಕಚೇರಿಯ ಗೋಡೆಯಲ್ಲಿ ಹಳೆಯ ನಕ್ಷೆ ತೂಗುತ್ತಿತ್ತು. ಏಳನೆಯ ಕುಳಿಯ ಪಕ್ಕದ ಪೆನ್ಸಿಲ್ ಸಾಲಿನ ಮೇಲೆ ಬೆರಳಿಟ್ಟೆ: 'ಕೆಲಸ ಮುಗಿದ ಮೇಲೆ, ಇದರ ಎಡಕ್ಕೆ ಮರಳು.'

"ಆಳ ಬರೆದಿರ್ಲಿಲ್ಲ. ಮೂರು ಅಡಿ ಅಂತ ನಾನೇ ಹಿಡಿದೆ. ಅವತ್ತೇ ಸಂಜೆ ಲಾರಿ ಗೊತ್ತು ಮಾಡೋಕೆ ಹೋದೆ."

ಅವಳು ನಗಲಿಲ್ಲ. "ಅವತ್ತು ನಾನು ಕತ್ತಲಾಗೋವರೆಗೂ ಆ ಕುಳಿಯ ಎಡಕ್ಕೇ ಕೂತಿದ್ದೆ. ಮರುದಿನ ಊರು ಬಿಟ್ಟೆ."

"ಯಾಕೆ?"

"ಅಯ್ಯೋ ದೇವರೇ! ಮರಳು ಅಂದ್ರೆ ವಾಪಸ್ ಬಾ ಅಂತ! ಅಷ್ಟು ದಿನ ನೀವು, ತಾವು ಅಂತಿದ್ದೆ. ಅವತ್ತೊಂದಿನ ಧೈರ್ಯ ಮಾಡಿ ಬಹುವಚನ ಬಿಟ್ಟೆ. ಅದಕ್ಕೆ ನೀವು ಲಾರಿ ತರಿಸಿದ್ರಿ."

"ಏಳು ಲಾರಿ," ಎಂದೆ. ಆಡಬಾರದ ಮಾತು. ಆದರೆ ಆ ಕ್ಷಣ ನನಗೆ ಖಚಿತವಾಗಿ ಗೊತ್ತಿದ್ದುದು ಅದೊಂದೇ.

ಸಿಟ್ಟು ಬಂದಿತು, ಅವಳ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. "ಎಷ್ಟು ಗಂಟೆಗೆ ಅಂತ ಬರೀಬೇಕಿತ್ತು ನೀವು."

"ಕೇಳ್ಬೇಕಿತ್ತು ನೀವು. ಬಂದ ಗಂಡುಗಳನ್ನೆಲ್ಲ ಬೇಡ ಅಂದು ಅಣ್ಣನ ಹತ್ರ ಬೈಸಿಕೊಂಡೆ, ಇಲ್ಲಿ ನೋಡಿದ್ರೆ ಗುಂಡಿ!"

ನಾನೂ ಒಂಟಿಯಾಗಿಯೇ ಉಳಿದಿದ್ದೆ. ಮೈದಾನವನ್ನು ತಿದ್ದಲು ಕ್ಲಬ್ಬಿನವರು ಅವಳನ್ನು ಕರೆಸಿದ್ದರು. ಕೆಲಸ ಒಂದೇ ದಿನದ್ದು. ನಾಳೆ ಬೆಳಿಗ್ಗೆ ಅವಳ ಪ್ರಯಾಣ.

ಮೇಜಿನ ಮೇಲೆ ಅವಳ ಹೊಸ ನಕ್ಷೆ ಹರಡಿತ್ತು. ಪೆನ್ಸಿಲ್ ತೆಗೆದುಕೊಂಡು ಏಳನೆಯ ಕುಳಿಯ ಎಡಕ್ಕೆ ಬರೆದೆ: 'ಇಂದು ಸಂಜೆ ಆರಕ್ಕೆ, ಇಲ್ಲಿಗೆ ಮರಳು.'

ಅವಳು ಎರಡು ಸಲ ಓದಿದಳು. ಎಡಹುಬ್ಬು ಮೆಲ್ಲನೆ ಮೇಲೇರಿತು.

"ಆಳ ಎಷ್ಟು ಅಂತ ಬರೆದೇ ಇಲ್ವಲ್ಲ ನೀನು?"